ಬಿಸಿಯಾದರೆ ನಿಲ್ಲುವ ಯೆಜ್ಡಿ

ಒಂಬತ್ತು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದ ಅಪ್ಪನ ಯೆಜ್ಡಿಯನ್ನು ಗುಜರಿಯವರು ಎರಡು ಸಲ ಕೇಳಿಕೊಂಡು ಬಂದಿದ್ದರು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿದರೂ ಬಿಡಿಭಾಗ ಸಿಗುತ್ತವೆ, ರೇಟು ಮಾತ್ರ ಜಾಸ್ತಿ. ಸುದ್ದಿಗಿಷ್ಟು ಅಂತ ದುಡ್ಡು ಎಣಿಸುವ ನನಗೆ ಹೊಸ ಬೈಕಿನ ಕಂತು ಅದಕ್ಕಿಂತ ಭಾರ.

ಸ್ಟಾರ್ಟ್ ಮಾಡುವುದು ದೊಡ್ಡದಲ್ಲ. ಟ್ಯಾಂಕಿಗೆ ನಟ್ಟು-ಬೋಲ್ಟು, ಸೀಮೆಎಣ್ಣೆ ಹಾಕಿ ಕುಲುಕಿ ತುಕ್ಕು ತೆಗೆದೆವು, ಕಾರ್ಬುರೇಟರ್ ಜೆಟ್ ಊದಿದೆವು, ಪಾಯಿಂಟ್ ಉಜ್ಜಿದೆವು. ನಾಲ್ಕನೇ ಕಿಕ್ಕಿಗೆ ಬೀದಿ ತುಂಬ ಹೊಗೆ!

ನಂಬಿಕೊಂಡು ದೂರ ಹೋಗುವುದಿದೆಯಲ್ಲ, ಅದು ಬೇರೆ. ಹತ್ತು ಕಿಲೋಮೀಟರ್ ಹೋಗಿ ಬಿಸಿಯಾದರೆ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಹೊರಡುತ್ತಿತ್ತು. ಅಷ್ಟರಲ್ಲಿ ಸುದ್ದಿ ಬೇರೆಯವರ ಪೇಪರಿಗೆ ಹೋಗಿರುತ್ತಿತ್ತು. ಊರವರೆಲ್ಲ ಕಾರ್ಬುರೇಟರನ್ನೇ ಬೈದರು. ಕೊನೆಗೆ ತಾಲ್ಲೂಕಿನ ಹಳೇ ಮೇಸ್ತ್ರಿಯೊಬ್ಬರು, ಗಾಡಿ ನಿಂತ ಜಾಗಕ್ಕೇ ಬಂದು ಪ್ಲಗ್ ಬಿಚ್ಚಿ ಹೆಡ್ಡಿಗೆ ತಾಗಿಸಿ, "ಕಿಕ್ ಹೊಡಿಯಪ್ಪ" ಅಂದರು. ಕಿಡಿಯೇ ಇಲ್ಲ. ಬಿಸಿಗೆ ಕಂಡೆನ್ಸರ್ ಕೈಕೊಡುತ್ತಿತ್ತು. ಗ್ಯಾರೇಜಿಗೆ ತಳ್ಳಿಕೊಂಡು ಹೋಗುವಷ್ಟರಲ್ಲಿ ತಣ್ಣಗಾಗುತ್ತಿದ್ದುದರಿಂದ ಯಾರಿಗೂ ಅದು ಸಿಕ್ಕಿರಲಿಲ್ಲ.

ನಿಮ್ಮದೂ ಹೀಗೇ ಆಟ ಆಡಿಸುತ್ತಿದ್ದರೆ ಬಿಸಿಯಿದ್ದಾಗಲೇ ಕಿಡಿ ನೋಡಿ. ನನ್ನ ಟೂಲ್‌ಬಾಕ್ಸಿನಲ್ಲಿ ಈಗ ಒಂದು ಪ್ಲಗ್, ಒಂದು ಕಂಡೆನ್ಸರ್, ಟೂಟಿ ಆಯಿಲ್ ಬಾಟಲಿ ಇರುತ್ತವೆ. ಈ ಮಳೆಗಾಲದಲ್ಲಿ ಕೆರೆ ಕೋಡಿ ಒಡೆದ ಸುದ್ದಿಗೆ ಮೊದಲು ಹೋದವನು ನಾನೇ.