ಹಗಲು ಕೆರೆಯಲ್ಲಿ, ಇರುಳು ಹೊಲದಲ್ಲಿ

ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಎಂದೊಡನೆ ಕಣ್ಣಿಗೆ ಕಟ್ಟುವುದು ಸುಡುವ ಬಿಸಿಲು, ಬೋಳು ಬಂಡೆಗಳು, ಮಳೆಯನ್ನೇ ನಂಬಿದ ಹೊಲಗಳು. ಅಲ್ಲಿಂದ ಉತ್ತರಕ್ಕೆ, ಹಗರಿಬೊಮ್ಮನಹಳ್ಳಿ ಮತ್ತು ಹಡಗಲಿಯ ಕಡೆಗೆ ಸಾಗಿದರೆ ನೋಟ ಬದಲಾಗುತ್ತದೆ. ತುಂಗಭದ್ರೆಯ ನೀರು, ಅದರ ಸುತ್ತ ಹಸಿರು, ಹಸಿರಿನ ಜತೆಗೆ ಹಕ್ಕಿಗಳು.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆ ಈ ಹಕ್ಕಿಗಳ ದೊಡ್ಡ ತಂಗುದಾಣ. ನೀರಾವರಿಗೆಂದು ಶತಮಾನಗಳ ಹಿಂದೆ ಹಿರಿಯರು ಕಟ್ಟಿಸಿದ ಈ ಕೆರೆಯ ವಿಸ್ತಾರ 98.76 ಹೆಕ್ಟೇರ್. 2024ರ ಜನವರಿಯಲ್ಲಿ ಇದು ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಇಲ್ಲಿ ಗುರುತಿಸಲಾದ ಹಕ್ಕಿಗಳು 240 ಜಾತಿಯವು, ಸಸ್ಯಗಳು 210ಕ್ಕೂ ಹೆಚ್ಚು ಬಗೆಯವು.

ಕೆರೆಯೊಳಗಿನ ಜಾಲಿಮರಗಳ ಮೇಲೆ ಸಂಸಾರ ಹೂಡುವ ಬಣ್ಣದ ಕೊಕ್ಕರೆಗಳಿಗೆ ಮೀನೇ ಆಹಾರ. ಆದರೆ ನೀರಿನಲ್ಲಿರುವ ಹಕ್ಕಿಗಳೆಲ್ಲ ಮೀನು ತಿನ್ನುತ್ತವೆ ಎಂದುಕೊಂಡರೆ ತಪ್ಪು. ದಕ್ಷಿಣ ಅಮೆರಿಕದ ಅಮೆಜಾನ್ ನದಿಯಲ್ಲಿ ಮ್ಯಾನಟಿ ಎಂಬ ದಪ್ಪ ಮೈಯ ಸಸ್ತನಿಯಿದೆ. ಬದುಕಿರುವಷ್ಟು ಕಾಲವೂ ಸಿಹಿನೀರಿನಲ್ಲೇ ಇದ್ದು, ಹಸುವಿನಂತೆ ಹುಲ್ಲು, ಅಂತರಗಂಗೆಗಳನ್ನು ಮೇಯುತ್ತದೆ. ಕರ್ನಾಟಕದ ಕೆರೆಗಳಲ್ಲಿ ಮ್ಯಾನಟಿಯಿಲ್ಲ; ಇಲ್ಲಿ ಮೇಯುವ ಕೆಲಸ ಹಕ್ಕಿಗಳದು. ನಾಮದ ಕೋಳಿ ಮುಳುಗಿ ನೀರುಗಿಡಗಳನ್ನು ಕಿತ್ತು ತರುತ್ತದೆ. ಜಂಬುಕೋಳಿ ಎಳೆಯ ಜೊಂಡನ್ನು ಕಾಲಲ್ಲಿ ಹಿಡಿದು, ಮಕ್ಕಳು ಕಬ್ಬು ಜಗಿಯುವಂತೆ ತಿನ್ನುತ್ತದೆ.

ಇವೆಲ್ಲಕ್ಕಿಂತ ದೂರದಿಂದ ಬರುವ ಸಸ್ಯಾಹಾರಿ ಪಟ್ಟೆತಲೆ ಹೆಬ್ಬಾತು. ಬಿಳಿಯ ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳಿರುವ ಈ ಹಕ್ಕಿ ಮರಿ ಮಾಡುವುದು ಮಂಗೋಲಿಯಾ, ಟಿಬೆಟ್, ಲಡಾಖ್‌ಗಳಲ್ಲಿ. ಅಲ್ಲಿ ನೀರು ಹೆಪ್ಪುಗಟ್ಟುವ ಮುನ್ನ ಹೊರಟು, ಹಿಮಾಲಯವನ್ನು ದಾಟಿ ದಕ್ಷಿಣಕ್ಕೆ ಬರುತ್ತದೆ. ಹಡಗಲಿಯಿಂದ ಹೊಳೆಯಾಚೆ, ಗದಗ ಜಿಲ್ಲೆಯ ಮಾಗಡಿ ಕೆರೆ ಇವುಗಳಿಗೆ ಹೆಸರಾದ ತಾಣ.

ಹೆಬ್ಬಾತುಗಳು ಹಗಲೆಲ್ಲ ನೀರಿನಲ್ಲಿ, ದಡದಲ್ಲಿ ವಿಶ್ರಮಿಸುತ್ತವೆ. ಮೇಯಲು ಹೊರಡುವುದು ಹೆಚ್ಚಾಗಿ ಇಳಿಸಂಜೆಯ ಮೇಲೆ. ನೀರು ಇಳಿದಲ್ಲಿ ಚಿಗುರಿದ ಹುಲ್ಲು, ಕೊಯ್ಲಾದ ಹೊಲದಲ್ಲಿ ಉದುರಿದ ಕಾಳು, ಎಳೆಯ ಪೈರು ಎಲ್ಲವೂ ಅವಕ್ಕೆ ಊಟವೇ. ನಾರನ್ನು ಅರಗಿಸುವ ಶಕ್ತಿ ಹಸುವಿನಷ್ಟು ಅವಕ್ಕಿಲ್ಲ. ಆದ್ದರಿಂದ ಬಹಳ ಹೊತ್ತು, ಬಹಳಷ್ಟು ಮೇಯಬೇಕು. ಬೆಳಿಗ್ಗೆ ಕೆರೆಗೆ ಮರಳಿ ಹಾಕುವ ಹಿಕ್ಕೆ ನೀರಿಗೆ ಗೊಬ್ಬರ. ಅದರಿಂದ ಪಾಚಿ, ಪಾಚಿಯಿಂದ ಹುಳುಹುಪ್ಪಟೆ, ಅವುಗಳಿಂದ ಮೀನು. ಹೆಬ್ಬಾತು ಹೊಲದಲ್ಲಿ ಉಂಡದ್ದರಲ್ಲಿ ಒಂದು ಪಾಲು ಹೀಗೆ ಕೊಕ್ಕರೆಯ ಮರಿಗೂ ತಲುಪುತ್ತದೆ.

ತೊಡಕೂ ಇಲ್ಲೇ ಇದೆ. ಕೆರೆಗೆ ರಕ್ಷಣೆಯುಂಟು, ಹಕ್ಕಿಗೂ ಉಂಟು. ಅದು ಉಣ್ಣುವ ಹೊಲ ಮಾತ್ರ ರೈತನದು. ಸಾಲ ತಂದು ಬಿತ್ತಿದವನಿಗೆ, ಇರುಳಲ್ಲಿ ಹಿಂಡು ಇಳಿದು ಚಿಗುರು ಕತ್ತರಿಸಿದರೆ ಆಗುವ ನಷ್ಟ ಸಣ್ಣದಲ್ಲ. ಹಿಮಾಲಯ ದಾಟಿ ಬಂದ ಅತಿಥಿ ಎಂಬ ಮಾತು ಅವನ ಹೊಟ್ಟೆ ತುಂಬಿಸದು. ಕೆರೆಯಂಗಳ ಒತ್ತುವರಿಯಾಗಿ ಅಂಚಿನ ಹುಲ್ಲು ಹೋದಷ್ಟೂ ಹಕ್ಕಿಗಳು ಹೊಲದತ್ತ ತಿರುಗುತ್ತವೆ. ಅಂಚನ್ನು ಹಸಿರಾಗಿ ಉಳಿಸಿ, ನಷ್ಟವಾದವನಿಗೆ ತಡಮಾಡದೆ ಪರಿಹಾರ ಕೊಟ್ಟರೆ ಮಾತ್ರ ಈ ನೆರೆಹೊರೆ ಬಾಳೀತು.

ಮೈಲಾರದ ಕಾರಣಿಕ, ಕೊಟ್ಟೂರಿನ ತೇರು ಮುಗಿದು ಬಿಸಿಲು ಬಲಿಯುವ ಹೊತ್ತಿಗೆ ಹೆಬ್ಬಾತುಗಳು ಉತ್ತರಕ್ಕೆ ಮುಖ ಮಾಡುತ್ತವೆ. ಅಷ್ಟು ದೂರ ಹಾರಲು ಬೇಕಾದ ಕೊಬ್ಬು ಅವುಗಳ ಮೈಗೂಡಿದ್ದು ಈ ಬರದ ಸೀಮೆಯ ಹುಲ್ಲು, ಕಾಳುಗಳಿಂದ. ಕೆರೆಗೆ ಹಕ್ಕಿ ನೋಡಲು ಮಕ್ಕಳನ್ನು ಕರೆದೊಯ್ಯುವವರು ಏರಿಯ ಈಚೆಗಿನ ಹೊಲವನ್ನೂ ತೋರಿಸಬೇಕು.