ಟಿ.ಬಿ. ಡ್ಯಾಂ ದಾರಿಯಲ್ಲಿ ಎರಡು ಪುಟ್ಟ ಗೇಟುಗಳು

ಹೊಸಪೇಟೆಯಿಂದ ಐದಾರು ಕಿ.ಮೀ. ಸಾಗಿದರೆ ಟಿ.ಬಿ. ಡ್ಯಾಂ. 1953ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ 33 ಗೇಟುಗಳನ್ನು ನೋಡಲು ಮಕ್ಕಳೊಂದಿಗೆ ಹೊರಟವರು, ಊರಿನ ಯಾವುದಾದರೂ ಬೈಕ್ ಗ್ಯಾರೇಜಿನ ಮುಂದೆಯೂ ತುಸು ಹೊತ್ತು ನಿಲ್ಲುವುದು ಒಳ್ಳೆಯದು. ಅಲ್ಲಿ ಹಳೆಯ ಬುಲೆಟ್‌ನ ಎಂಜಿನ್ ಬಿಚ್ಚಿದ್ದರಂತೂ ಅದೃಷ್ಟವೇ ಸರಿ.

ಅದು ಫೋರ್ ಸ್ಟ್ರೋಕ್ ಎಂಜಿನ್. ಪಿಸ್ಟನ್ ಇಳಿಯುವಾಗ ಗಾಳಿ–ಪೆಟ್ರೋಲನ್ನು ಹೀರುತ್ತದೆ, ಏರುವಾಗ ಒತ್ತುತ್ತದೆ. ಕಿಡಿ ತಾಗಿ ಉರಿದಾಗ ಮತ್ತೆ ಇಳಿದು ಶಕ್ತಿ ಕೊಡುತ್ತದೆ. ಮತ್ತೆ ಏರಿ ಹೊಗೆಯನ್ನು ಹೊರದೂಡುತ್ತದೆ. ಒಳಬರಲೊಂದು, ಹೊರಹೋಗಲೊಂದು ವಾಲ್ವ್. ಇವೇ ಎಂಜಿನ್ನಿನ ಗೇಟುಗಳು. ಇವು ಬಿಗಿಯಾಗಿ ಕೂರದಿದ್ದರೆ ಒತ್ತಡ ಸೋರಿ, ಗಾಡಿ ಏರು ಹತ್ತದು.

ಮೆಕ್ಯಾನಿಕ್ ಪೇಸ್ಟ್ ಹಚ್ಚಿ ವಾಲ್ವನ್ನು ಅದರ ಸೀಟಿಗೆ ಉಜ್ಜುತ್ತಾರೆ. ಬಳಿಕ ಹೆಡ್ಡಿನ ಕಿಂಡಿಗೆ ಪೆಟ್ರೋಲ್ ಸುರಿದು ಕಾಯುತ್ತಾರೆ. ಒಂದು ಹನಿ ಜಿನುಗಿದರೂ ಮತ್ತೆ ಉಜ್ಜಬೇಕು. ಎಂಜಿನ್ ಜೋಡಿಸಿ, ಅದು ತಣ್ಣಗಿರುವಾಗಲೇ ಟ್ಯಾಪೆಟ್ ಹೊಂದಿಸುತ್ತಾರೆ. ಪುಶ್‌ರಾಡ್ ಬೆರಳಿಗೆ ಸಲೀಸಾಗಿ ತಿರುಗಬೇಕು. ಮೇಲೆ ಕೆಳಗೆ ಅಲುಗಬಾರದು.

ಇಷ್ಟನ್ನು ಕಂಡು ಡ್ಯಾಮಿನೆದುರು ನಿಂತವರಿಗೆ 19ನೇ ಗೇಟಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಆ ಗೇಟು ಕೊಚ್ಚಿಹೋಯಿತು. ರೈತರು ಕಾದಿದ್ದ ನೀರು ಹೊಳೆ ಪಾಲಾಯಿತು. ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿವ ನೀರಿನಲ್ಲೇ ಉಕ್ಕಿನ ತಾತ್ಕಾಲಿಕ ತಡೆಗಳನ್ನು ಇಳಿಸಿ ಒಂದು ವಾರದಲ್ಲಿ ಅದನ್ನು ಮುಚ್ಚಲಾಯಿತು.

ಗ್ಯಾರೇಜಿನಲ್ಲಿ ಹನಿ ಜಿನುಗಿದರೆ ಮತ್ತೆ ಬಿಚ್ಚಬಹುದು. ತುಂಬಿದ ಅಣೆಕಟ್ಟಿಗೆ ಆ ಬಿಡುವಿಲ್ಲ. ಅದರ ಗೇಟುಗಳನ್ನು ಬೇಸಿಗೆಯಲ್ಲೇ ನೋಡಿಕೊಳ್ಳಬೇಕು.