ಮಗನಿಗೆ ಕೊಟ್ಟ ಮೂವತ್ತು ಸಾವಿರ ಡಾಲರ್



ನ್ಯೂಜೆರ್ಸಿಯಿಂದ ನೀವು ಬರೆದ ಪತ್ರ ತಲುಪಿತು. ಮಗ ಮನೆ ಕೊಂಡನಂತೆ, ತುಂಬ ಸಂತೋಷ. ಅವನ ಡೌನ್ ಪೇಮೆಂಟಿಗೆ 2025ರಲ್ಲಿ ಕೊಟ್ಟ 30,000 ಡಾಲರಿಗೆ ತೆರಿಗೆ ಬೀಳುತ್ತದೇನೋ ಎಂದು ನಿದ್ದೆಗೆಟ್ಟಿದ್ದೀರಿ. ಮೊದಲೇ ಹೇಳಿಬಿಡುತ್ತೇನೆ: ನೀವೂ ಕಟ್ಟಬೇಕಿಲ್ಲ, ಮಗನೂ ಕಟ್ಟಬೇಕಿಲ್ಲ. ಆದರೆ ಉಡುಗೊರೆಯ ಲೆಕ್ಕ ಕೊಡುವ ಫಾರಂ 709 ತುಂಬುವ ಕೆಲಸ ನಿಮಗೆ ತಪ್ಪಿದ್ದಲ್ಲ.

ನಮ್ಮ ಕಡೆ ಮದುವೆಮನೆಯಲ್ಲಿ ಒಬ್ಬರು ಮುಯ್ಯಿ ಬರೆದುಕೊಳ್ಳಲು ಕೂತಿರುತ್ತಾರಲ್ಲ, ಈ ಫಾರಂ ಹೆಚ್ಚುಕಡಿಮೆ ಅದೇ. ಅಲ್ಲಿ ಪಡೆದವರ ಕಡೆಯವರು ಬರೆಯುತ್ತಾರೆ, ಇಲ್ಲಿ ಕೊಟ್ಟವರೇ ಬರೆಯಬೇಕು, ಅಷ್ಟೇ. 2025ರಲ್ಲಿ ಒಬ್ಬರು ಇನ್ನೊಬ್ಬರಿಗೆ 19,000 ಡಾಲರ್‌ವರೆಗೆ ಕೊಟ್ಟರೆ ಕೇಳುವವರಿಲ್ಲ. ಹುಟ್ಟುಹಬ್ಬಕ್ಕೆ ಕೊಟ್ಟದ್ದೂ ಇದರೊಳಗೇ ಸೇರುತ್ತದೆ. ಅದು ಕಳೆದು ಉಳಿಯುವ 11,000 ನಿಮ್ಮ ಜೀವಮಾನದ ವಿನಾಯಿತಿಯಲ್ಲಿ ವಜಾ ಆಗುತ್ತದೆ. ಆ ವಿನಾಯಿತಿ ಎಷ್ಟು ಗೊತ್ತೇ? 2025ಕ್ಕೆ 1 ಕೋಟಿ 39 ಲಕ್ಷ 90 ಸಾವಿರ ಡಾಲರ್! ಸಂಬಳದಲ್ಲಿ ಬದುಕಿದವರು ಅದನ್ನು ಮುಗಿಸುವುದುಂಟೇ? ಬದುಕಿರುವಾಗಲೇ ಆಸ್ತಿ ಹಂಚಿ ಎಸ್ಟೇಟ್ ಟ್ಯಾಕ್ಸ್ ತಪ್ಪಿಸಿಕೊಳ್ಳುವ ಸಿರಿವಂತರಿಗಾಗಿ ಮಾಡಿದ ಕಾಯಿದೆ ಇದು. ಕಾಗದಪತ್ರದ ಕಾಟ ಮಾತ್ರ ನಿಮ್ಮಂಥವರಿಗೂ.

ಹಣ ಹೋದದ್ದು ನಿಮ್ಮೊಬ್ಬರ ಖಾತೆಯಿಂದ ಎಂದಿದ್ದೀರಿ. ಇಬ್ಬರೂ ಅಲ್ಲಿನ ಪ್ರಜೆಗಳಾದ್ದರಿಂದ, ನಿಮ್ಮ ಮನೆಯವರು ಒಪ್ಪಿದರೆ ಗಿಫ್ಟ್ ಸ್ಪ್ಲಿಟಿಂಗ್ ಮಾಡಿ ತಲಾ 15,000 ಕೊಟ್ಟಂತೆ ತೋರಿಸಬಹುದು. ಆಗ ಈ ಹಣದ ಮಟ್ಟಿಗೆ ವಿನಾಯಿತಿಯಲ್ಲಿ ಒಂದು ಡಾಲರೂ ಕರಗದು. ತಮಾಷೆಯೆಂದರೆ, ಹಾಗೆ ಹಂಚಿಕೊಳ್ಳುವುದಕ್ಕೂ 709 ಬೇಕೇ ಬೇಕು, ಅವರ ಒಪ್ಪಿಗೆಯ ಸಹಿಯೂ ಬೇಕು. ಒಮ್ಮೆ ಒಪ್ಪಿದಿರೆಂದರೆ ಆ ವರ್ಷ ಇಬ್ಬರೂ ಹೊರಗಿನವರಿಗೆ ಕೊಟ್ಟ ಉಡುಗೊರೆಗಳಿಗೆಲ್ಲ ಅದೇ ಲೆಕ್ಕ. ಅವರವರ ಖಾತೆಯಿಂದ 15,000ದ ಒಂದೊಂದು ಚೆಕ್ ಬರೆದಿದ್ದರೆ ಫಾರಂನ ಸುದ್ದಿಯೇ ಇರುತ್ತಿರಲಿಲ್ಲ! ಮುಂದಿನ ಸಲಕ್ಕೆ ನೆನಪಿರಲಿ.

ತುಂಬುವುದು ಕಷ್ಟವಲ್ಲ. ಶೆಡ್ಯೂಲ್ ಎ‌ಯಲ್ಲಿ ಮಗನ ಹೆಸರು, ವಿಳಾಸ, ನಿಮಗೇನಾಗಬೇಕು, ಕೊಟ್ಟ ದಿನ, ಮೊತ್ತ. 11,000 ಅಲ್ಲ, ಪೂರ್ತಿ 30,000 ಬರೆಯಿರಿ. 19,000 ಆಮೇಲೆ ಕಳೆಯುತ್ತಾರೆ. ಆದಾಯ ತೆರಿಗೆಯ 1040ನ್ನು ದಂಪತಿ ಸೇರಿ ಸಲ್ಲಿಸಬಹುದು, 709 ಮಾತ್ರ ಒಬ್ಬೊಬ್ಬರದೇ.

ದಾವಣಗೆರೆಯ ತಮ್ಮನ ವಿಷಯ ಕೇಳಿದ್ದೀರಿ. ಹಣ ಸಮುದ್ರ ದಾಟಿದರೂ ನಿಮಗೆ ಅದೇ 19,000ದ ಮಿತಿ, ಆದರೆ ತಮ್ಮನ ಹೆಸರಿಗೆ ಅದು ಬೇರೆಯೇ ಲೆಕ್ಕ. ಒಡಹುಟ್ಟಿದವರು ಕೊಟ್ಟದ್ದಕ್ಕೆ ಇಲ್ಲಿ ಅವನಿಗೆ ತೆರಿಗೆಯಿಲ್ಲ. ಅದೇ ಬಾಲ್ಯದ ಗೆಳೆಯನಿಗಾದರೆ, ವರ್ಷದಲ್ಲಿ ಬಂದ ಇಂಥ ಹಣ 50,000 ರೂಪಾಯಿ ದಾಟಿದರೆ ಪೂರ್ತಿ ಮೊತ್ತವೇ ಅವನ ಆದಾಯ. ಇನ್ನು ಸೊಸೆಯ ಓದಿನ ಫೀಸನ್ನು ನೇರವಾಗಿ ಕಾಲೇಜಿಗೇ ಕಟ್ಟಿಬಿಡಿ. ಅದು ಉಡುಗೊರೆಯ ಲೆಕ್ಕಕ್ಕೇ ಬರುವುದಿಲ್ಲ.

ಕೊನೆಯ ದಿನ 2026ರ ಏಪ್ರಿಲ್ 15. 1040ಕ್ಕೆ ಫಾರಂ 4868 ಹಾಕಿ ವಾಯಿದೆ ಪಡೆದರೆ 709ಕ್ಕೂ ಅದೇ ಸಾಕು. ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಿ. ಮುಂದೆ ಯಾವಾಗಲಾದರೂ ಇನ್ನೊಂದು 709 ತುಂಬುವಾಗ ಹಳೆಯ ಲೆಕ್ಕ ಕೇಳುತ್ತಾರೆ.

ಇಂತಿ ನಿಮ್ಮವ